ಹುಡುಕಾಟದ ಸರ್ವರ್‌ನಲ್ಲಿ ‘ಅನುಮತಿ ಇಲ್ಲ’ ಎಂದವರು ಯಾರು? ಒಂದು ದೋಷ ನಿವಾರಣೆ ಕೈಪಿಡಿ

ದಾವಣಗೆರೆಯ ಸಂಸ್ಥೆಯೊಂದು ನಡೆಸುವ ಕೃಷಿ ಮಾಹಿತಿಯ ಜಾಲತಾಣಕ್ಕೆ ಹುಡುಕಾಟದ ವ್ಯವಸ್ಥೆಯನ್ನು ಕಟ್ಟಿ ನೋಡಿಕೊಳ್ಳುವ ಕೆಲಸ ನನ್ನದು. ಮೆಕ್ಕೆಜೋಳ, ಭತ್ತ, ಅಡಿಕೆ ಬೇಸಾಯದ ಲೇಖನಗಳು, ಮಾರುಕಟ್ಟೆ ಧಾರಣೆಯ ಹಳೆಯ ಪಟ್ಟಿಗಳು, ಭದ್ರಾ ನಾಲೆಗೆ ನೀರು ಬಿಡುವ ಮತ್ತು ನಿಲ್ಲಿಸುವ ದಿನಗಳ ಪ್ರಕಟಣೆಗಳು ಆ ತಾಣದಲ್ಲಿವೆ. ಓದುಗರು ಮುಖಪುಟದ ಪಟ್ಟಿಗಳನ್ನು ತಿರುವಿ ನೋಡುವುದು ಕಡಿಮೆ, ಹುಡುಕು ಪೆಟ್ಟಿಗೆಯನ್ನು ನಂಬುವುದೇ ಹೆಚ್ಚು. ಒಂದು ಸೋಮವಾರ ಬೆಳಿಗ್ಗೆ ಹರಿಹರದ ಕಡೆಯ ರೈತರೊಬ್ಬರು ಫೋನ್ ಮಾಡಿ, “ಸಾರ್, ನಿಮ್ಮ ವೆಬ್‌ಸೈಟು ಯಾಕೋ ಯೂಸರ್ ನೇಮು, ಪಾಸ್‌ವರ್ಡು ಕೇಳ್ತೈತಲ್ರೀ, ನಮಗ್ಯಾರೂ ಕೊಟ್ಟೇ ಇಲ್ಲ” ಎಂದರು. ಹುಡುಕು ಪೆಟ್ಟಿಗೆಯಲ್ಲಿ ಒಂದಕ್ಷರ ಒತ್ತಿದ ಕೂಡಲೇ ಬ್ರೌಸರ್ ಒಂದು ಸಣ್ಣ ಕಿಟಕಿಯನ್ನು ತೆರೆದು ಗುರುತು ಕೇಳುತ್ತಿತ್ತು. ಅದನ್ನು ಮುಚ್ಚಿದರೆ ಮುಂದಿನ ಅಕ್ಷರಕ್ಕೆ ಮತ್ತೆ ತೆರೆಯುತ್ತಿತ್ತು.

ಆ ದೋಷವನ್ನೂ, ಅದನ್ನು ಸರಿಪಡಿಸಲು ಹೋಗಿ ನಾನೇ ಮಾಡಿಕೊಂಡ ಇನ್ನೊಂದನ್ನೂ, ಕೆಲವು ವಾರಗಳ ಬಳಿಕ ಸದ್ದಿಲ್ಲದೆ ಹೊರಬಿದ್ದ ಮೂರನೆಯದನ್ನೂ ಮುಂದಿಟ್ಟುಕೊಂಡು, ಪ್ರವೇಶದ ಅನುಮತಿಗೆ ಸಂಬಂಧಿಸಿದ ತೊಡಕನ್ನು ಯಾವ ಕ್ರಮದಲ್ಲಿ ಪತ್ತೆ ಹಚ್ಚಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ. ನಾವು ಬಳಸುವುದು ಅಪಾಚೆ ಸೋಲರ್ ಎಂಬ ಹುಡುಕಾಟದ ಮುಕ್ತ ತಂತ್ರಾಂಶ. ಹೆಸರು ಕೇಳಿದ ಕೂಡಲೇ ಚಿತ್ರದುರ್ಗದ ಕಡೆಯ ಗೆಳೆಯರು ಬಿಸಿಲಿನ ಫಲಕಗಳನ್ನು ನೆನೆಯುತ್ತಾರೆ. ಅದಕ್ಕೂ ಇದಕ್ಕೂ ನಂಟಿಲ್ಲ. ಇದು 2004ರಲ್ಲಿ ಒಂದು ಕಂಪನಿಯ ಒಳಬಳಕೆಗಾಗಿ ಹುಟ್ಟಿ, 2006ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಸೇರಿತು. ಪಾಸ್‌ವರ್ಡ್ ಕೇಳುವ ಸೌಲಭ್ಯ ಅದಕ್ಕೆ ಬಂದದ್ದು 2015ರ 5.3ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ, ತನ್ನನ್ನು ಮುಟ್ಟಬಲ್ಲವರೆಲ್ಲರೂ ಮನೆಯವರೇ ಎಂದು ಅದು ನಂಬಿಕೊಂಡಿತ್ತು. ಆ ಸ್ವಭಾವದ ಕುರುಹುಗಳು ಇಂದಿಗೂ ಅದರಲ್ಲಿ ಉಳಿದಿವೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಹಲವು ಸಂಗತಿಗಳು ಸುಲಭವಾಗಿ ಅರ್ಥವಾಗುತ್ತವೆ.

ನಮ್ಮಲ್ಲಿ ಜಾಲತಾಣ ಒಂದು ಯಂತ್ರದಲ್ಲಿದೆ, ಸೋಲರ್ ಇನ್ನೊಂದರಲ್ಲಿದೆ. ಎರಡೂ ಒಂದೇ ಖಾಸಗಿ ಜಾಲದೊಳಗಿವೆ. ಓದುಗರ ಬ್ರೌಸರ್ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ಗೆ ಬರುತ್ತದೆ, ಅದು ತಾಣದ ಪಿಎಚ್‌ಪಿ ಪ್ರೋಗ್ರಾಮಿಗೆ ಕೇಳಿಕೆಯನ್ನು ಒಪ್ಪಿಸುತ್ತದೆ, ಆ ಪ್ರೋಗ್ರಾಮ್ ಸೋಲರ್‌ನ 8983ನೆಯ ಪೋರ್ಟಿಗೆ (ಕೇಳಿಕೆಗಳು ಒಳಬರುವ ಬಾಗಿಲಿಗೆ) ಹೋಗಿ ಉತ್ತರ ತರುತ್ತದೆ. ಸಾರ್ವಜನಿಕ ಎಂಬ ವಿಶೇಷಣ ಇಲ್ಲಿ ಹುಡುಕಾಟಕ್ಕೆ ಸೇರಿದ್ದು, ಸರ್ವರ್‌ಗಲ್ಲ. ಓದುಗರು ಸೋಲರ್ ಅನ್ನು ನೇರವಾಗಿ ಮುಟ್ಟುವ ಅಗತ್ಯವೇ ಇಲ್ಲ. ಅಂತರಜಾಲಕ್ಕೆ ಅದನ್ನು ತೆರೆದಿಡಬೇಡಿರೆಂದು ಅದರ ಅಧಿಕೃತ ಕೈಪಿಡಿಯೂ ಹೇಳುತ್ತದೆ. ಮೇಲಿನ ಮೂರು ದೋಷಗಳಲ್ಲಿ ಎರಡು ಹುಟ್ಟಿದ್ದು ಈ ಒಂದು ಮಾತನ್ನು ನಾವು ಮೀರಿದ್ದರಿಂದ.

ಯಾವ ಸಂಖ್ಯೆ ಯಾರ ಮಾತು

ಅನುಮತಿ ನಿರಾಕರಣೆ ಒಂದೇ ಬಾಯಿಂದ ಬರುವುದಿಲ್ಲ. ಜಾಲದ ಕಾವಲಾದ ಫೈರ್‌ವಾಲ್, ಕಾರ್ಯಾಚರಣ ವ್ಯವಸ್ಥೆ, ವೆಬ್ ಸರ್ವರ್, ಸೋಲರ್‌ನ ಗುರುತು ಪರಿಶೀಲನೆ, ಅದರ ಅಧಿಕಾರ ಪರಿಶೀಲನೆ, ಕೊನೆಗೆ ಡಿಸ್ಕಿನ ಮೇಲಿನ ಕಡತಗಳು, ಹೀಗೆ ಪ್ರತಿಯೊಂದೂ ತನ್ನದೇ ರೀತಿಯಲ್ಲಿ ‘ಬೇಡ’ ಎನ್ನುತ್ತದೆ. ಆದ್ದರಿಂದ ಯಾವುದನ್ನೂ ಬದಲಿಸುವ ಮೊದಲು ಬೇಡವೆಂದವರು ಯಾರೆಂದು ತಿಳಿಯಬೇಕು.

ಉತ್ತರದ ಜೊತೆ ಬರುವ ಸ್ಥಿತಿ ಸಂಖ್ಯೆ 401 ಆಗಿದ್ದರೆ ‘ನೀವು ಯಾರೆಂದು ಗೊತ್ತಾಗಲಿಲ್ಲ’ ಎಂದರ್ಥ; 403 ಬಂದರೆ ‘ನೀವು ಯಾರೆಂದು ಗೊತ್ತು, ಆದರೆ ಈ ಕೆಲಸಕ್ಕೆ ನಿಮಗೆ ಅಧಿಕಾರವಿಲ್ಲ’ ಎಂದರ್ಥ. ಈ ಎರಡನ್ನೂ ಒಂದೇ ಎಂದುಕೊಂಡು, 403 ಬಂದಾಗ ಪಾಸ್‌ವರ್ಡ್ ಬದಲಿಸುತ್ತಾ ಕೂರುವವರನ್ನು ನೋಡಿದ್ದೇನೆ. ಪಾಸ್‌ವರ್ಡ್ ಸರಿಯಾಗಿದ್ದದ್ದರಿಂದಲೇ ಮಾತು 403ರವರೆಗೆ ಬಂದಿರುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು: ಎನ್‌ಜಿನ್‌ಎಕ್ಸ್ ಕೂಡ ತನ್ನ ನಿಯಮಗಳಿಗೆ ಅನುಸಾರವಾಗಿ 403 ಕೊಡಬಲ್ಲದು. ಆಗ ಉತ್ತರದ ಪುಟದ ಅಡಿಯಲ್ಲಿ ಸಾಮಾನ್ಯವಾಗಿ ಅದರ ಹೆಸರಿರುತ್ತದೆ, ಸೋಲರ್‌ನ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನು ಬರೆದಿಡುವ ಕಡತದಲ್ಲಿ, ಆ ಕೇಳಿಕೆಯ ಸುಳಿವೇ ಇರುವುದಿಲ್ಲ. ಅಲ್ಲಿ ಸುಳಿವಿಲ್ಲವೆಂದರೆ ಕೇಳಿಕೆ ಅಲ್ಲಿಯವರೆಗೆ ತಲುಪಿಲ್ಲ.

ಕೇಳಿಕೆ ಸೋಲರ್‌ಗೆ ತಲುಪದಿದ್ದಾಗ ಓದುಗರಿಗೆ ಕಾಣುವುದು 502 ಅಥವಾ 504, ಇಲ್ಲವೇ ತಾಣದ ಪ್ರೋಗ್ರಾಮ್ ಮುಚ್ಚಿಹಾಕಿದ ಖಾಲಿ ಪುಟ. ಆಗ ವೆಬ್ ಸರ್ವರ್‌ನ ಅಥವಾ ಪ್ರೋಗ್ರಾಮಿನ ದೋಷದ ಲಾಗ್ ತೆರೆದು, ಸಂಪರ್ಕ ಮುರಿದ ಸಾಲಿನಲ್ಲಿರುವ ಸಣ್ಣ ಸಂಖ್ಯೆಯನ್ನು ಓದಬೇಕು. ಅದು ಲಿನಕ್ಸ್ ಕೊಡುವ ಸಂಖ್ಯೆ. ಕೇಳಿದ ಪ್ರೋಗ್ರಾಮ್ ಯಾವುದೇ ಆಗಿರಲಿ, ಅರ್ಥ ಬದಲಾಗುವುದಿಲ್ಲ. 111 ಎಂದರೆ ಆ ಯಂತ್ರ ಸಿಕ್ಕಿತು, ಆದರೆ ಆ ವಿಳಾಸದ ಆ ಪೋರ್ಟಿನಲ್ಲಿ ಕಿವಿಗೊಟ್ಟು ಕೂತವರಿಲ್ಲ. 110 ಎಂದರೆ ಕೂಗಿದರೂ ಯಾರೂ ಓಗೊಡಲಿಲ್ಲ, ಕಾದು ಸಾಕಾಯಿತು. ಹೆಚ್ಚಿನ ಸಲ ದಾರಿಯಲ್ಲಿ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್ ನುಂಗುತ್ತಿದೆ ಎಂದರ್ಥ. 113 ‘ದಾರಿಯಿಲ್ಲ’ ಎನ್ನುತ್ತದೆ. ಒಂದೇ ಜಾಲದೊಳಗಿನ ಎರಡು ಯಂತ್ರಗಳ ನಡುವೆ ಇದು ಕಂಡರೆ ಜಾಲದ ತಂತಿ ಹುಡುಕುವುದಕ್ಕೆ ಮೊದಲು ಆ ಬದಿಯ ಫೈರ್‌ವಾಲ್ ನೋಡಬೇಕು, ಏಕೆಂದರೆ ಫೈರ್‌ವಾಲ್‌ಡಿ ಎಂಬ ಲಿನಕ್ಸ್ ಫೈರ್‌ವಾಲ್ ಕೇಳಿಕೆಯನ್ನು ತಳ್ಳಿಹಾಕುವಾಗ ಇದೇ ಸಂಖ್ಯೆ ಹುಟ್ಟುತ್ತದೆ. 13 ಎಂದರೆ ಕೇಳಿಕೆ ಹೊರಟ ಯಂತ್ರವೇ ಅದನ್ನು ಹೊರಗೆ ಬಿಡಲಿಲ್ಲ. ಇದರ ಮಾತು ಮುಂದೆ ಬರುತ್ತದೆ.

ಬುಡದಿಂದ ನಡೆದು ಬರುವುದು

ನಾಲೆಯ ಕೊನೆಯ ಭಾಗದ ಗದ್ದೆಗೆ ನೀರು ಬಾರದಿದ್ದಾಗ ಗದ್ದೆಯ ಬದುವಿನಲ್ಲಿ ನಿಂತು ಗುದ್ದಲಿಯಾಡಿಸಿದರೆ ಫಲವಿಲ್ಲವೆಂದು ನಮ್ಮ ಕಡೆಯ ಯಾವ ನೀರುಗಂಟಿಗೂ ಗೊತ್ತು. ಆತ ಮೇಲಿನ ತೂಬಿಗೆ ಹೋಗಿ, ಅಲ್ಲಿ ನೀರಿದೆಯೆಂದು ಕಣ್ಣಾರೆ ಕಂಡು, ಅಲ್ಲಿಂದ ಕೆಳಕ್ಕೆ ನಡೆಯುತ್ತಾನೆ. ಇಲ್ಲಿಯೂ ಅದೇ ಕ್ರಮ. ಮೊದಲು ಸೋಲರ್ ಇರುವ ಯಂತ್ರದೊಳಗೇ ಕುಳಿತು, ವೆಬ್ ವಿಳಾಸಕ್ಕೆ ಕೇಳಿಕೆ ಕಳುಹಿಸುವ ಕರ್ಲ್ ಆದೇಶದಿಂದ ಆ ಯಂತ್ರದ ಸ್ವಂತ ವಿಳಾಸಕ್ಕೆ, ಅಂದರೆ 127.0.0.1ಕ್ಕೆ, ಒಂದು ಹುಡುಕಾಟವನ್ನು ಕಳುಹಿಸಬೇಕು. ಅಲ್ಲಿ ಉತ್ತರ ಬಂದರೆ ಅದೇ ಯಂತ್ರದ ಖಾಸಗಿ ಜಾಲದ ವಿಳಾಸಕ್ಕೆ ಕಳುಹಿಸಬೇಕು. ಅದೂ ಸರಿಯಿದ್ದರೆ ಜಾಲತಾಣದ ಯಂತ್ರದಿಂದ, ತಾಣದ ಪ್ರೋಗ್ರಾಮ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆಯೋ ಆ ಹೆಸರಿನಲ್ಲಿ ಕಳುಹಿಸಬೇಕು. ಕೊನೆಗೆ ಮಾತ್ರ ಬ್ರೌಸರ್. ಯಾವ ಎರಡು ಹೆಜ್ಜೆಗಳ ನಡುವೆ ಉತ್ತರ ಬದಲಾಯಿತೋ ದೋಷ ಅಲ್ಲಿಯೇ ಇರುತ್ತದೆ.

ಮೊದಲ ಎರಡು ಹೆಜ್ಜೆಗಳ ನಡುವೆಯೇ ಬದಲಾಗುವ ಸಂದರ್ಭವೊಂದು ಈಚೆಗೆ ಬಹಳ ಸಾಮಾನ್ಯ. 2022ರ ಮೇ ತಿಂಗಳಲ್ಲಿ ಬಂದ ಸೋಲರ್ 9.0ರಿಂದ ಅದು ತಾನಾಗಿ 127.0.0.1ರಲ್ಲಿ ಮಾತ್ರ ಕಿವಿಗೊಡುತ್ತದೆ. ಹಿಂದಿನ ಆವೃತ್ತಿಗಳು ಎಲ್ಲ ವಿಳಾಸಗಳಲ್ಲೂ ಕಿವಿಗೊಡುತ್ತಿದ್ದವು. ಹೀಗಾಗಿ 8ರಿಂದ 9ಕ್ಕೆ ಏರಿಸಿದ ರಾತ್ರಿಯೇ ಬೇರೆ ಯಂತ್ರದಲ್ಲಿರುವ ಜಾಲತಾಣಕ್ಕೆ 111 ಬರತೊಡಗುತ್ತದೆ, ಆದರೆ ಸೋಲರ್ ಯಂತ್ರದೊಳಗೆ ಎಲ್ಲವೂ ಸುಸೂತ್ರವಾಗಿರುತ್ತದೆ. ಚಿತ್ರದುರ್ಗದ ಗೆಳೆಯರೊಬ್ಬರು ಇದೇ ದೋಷಕ್ಕೆ ಎರಡು ದಿನ ಫೈರ್‌ವಾಲ್ ನಿಯಮಗಳನ್ನು ತಿದ್ದಿ, ಕೊನೆಗೆ ಫೈರ್‌ವಾಲ್ ಅನ್ನೇ ನಿಲ್ಲಿಸಿ, ಆಗಲೂ 111 ಬರುತ್ತಿದೆಯೆಂದು ನನಗೆ ಹೇಳಿದ್ದರು. ತೆರೆದ ಪೋರ್ಟುಗಳನ್ನು ತೋರಿಸುವ ಎಸ್‌ಎಸ್ ಆದೇಶದಿಂದ 8983 ಯಾವ ವಿಳಾಸಕ್ಕೆ ಅಂಟಿಕೊಂಡಿದೆಯೆಂದು ಒಮ್ಮೆ ನೋಡಿದ್ದರೆ ಆ ಎರಡು ದಿನ ಉಳಿಯುತ್ತಿದ್ದವು. ಸೋಲರ್‌ನ ಪರಿಸರ ಕಡತದಲ್ಲಿ, ಅದು ಯಾವ ವಿಳಾಸದಲ್ಲಿ ಕಿವಿಗೊಡಬೇಕೆಂದು ಹೇಳುವ ಜೆಟ್ಟಿ ಹೋಸ್ಟ್ ಎಂಬ ಮೌಲ್ಯವಿದೆ. ಇದಕ್ಕೆ ಅಂತರಜಾಲದಲ್ಲಿ ಸಿಗುವ ಪರಿಹಾರವೆಲ್ಲ ‘0.0.0.0 ಎಂದು ಬರೆಯಿರಿ’ ಎಂಬುದೇ, ಅಂದರೆ ಎಲ್ಲ ವಿಳಾಸಗಳಲ್ಲೂ ಕಿವಿಗೊಡಲಿ ಎಂದು. ಹಾಗೆ ಬರೆದರೆ ದೋಷ ಹೋಗುತ್ತದೆ, ಆ ಯಂತ್ರಕ್ಕೆ ಸಾರ್ವಜನಿಕ ವಿಳಾಸವೂ ಇದ್ದರೆ ಬಾಗಿಲು ಊರಿಗೆಲ್ಲ ತೆರೆಯುತ್ತದೆ. ಬರೆಯಬೇಕಾದದ್ದು ಖಾಸಗಿ ಜಾಲದ ವಿಳಾಸವನ್ನು (ಆ ಮೇಲೆ ಬುಡದ ಪರೀಕ್ಷೆಯನ್ನೂ 127.0.0.1ರ ಬದಲು ಆ ವಿಳಾಸದಿಂದಲೇ ಆರಂಭಿಸಬೇಕು). ಅದರ ಜೊತೆಗೆ ಫೈರ್‌ವಾಲ್‌ನಲ್ಲಿ ಜಾಲತಾಣದ ಯಂತ್ರವೊಂದಕ್ಕೆ ಮಾತ್ರ 8983 ತೆರೆದಿಟ್ಟರೆ ಸಾಕು.

ಇನ್ನು 13. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಎಸ್‌ಇ-ಲಿನಕ್ಸ್ ಎಂಬ ಕಾವಲು ಜಾರಿಯಲ್ಲಿರುತ್ತದೆ. ವೆಬ್ ಸರ್ವರ್ ಹೊರಗಿನ ಪೋರ್ಟುಗಳಿಗೆ ತಾನಾಗಿ ಸಂಪರ್ಕ ಬೆಳೆಸಬಾರದೆಂಬುದು ಅದರ ಮೊದಲ ನಿಲುವು. ಇಲ್ಲಿ ಗೊಂದಲ ಹುಟ್ಟಿಸುವ ಸಂಗತಿಯೆಂದರೆ, ಅದೇ ಯಂತ್ರದಲ್ಲಿ, ಅದೇ ಬಳಕೆದಾರನ ಹೆಸರಿನಲ್ಲಿ ನಾವು ಕೈಯಾರೆ ಕರ್ಲ್ ಓಡಿಸಿದರೆ ಉತ್ತರ ಬರುತ್ತದೆ. ತಾಣದ ಪ್ರೋಗ್ರಾಮ್ ಕೇಳಿದರೆ ಬರುವುದಿಲ್ಲ. ಏಕೆಂದರೆ ಎಸ್‌ಇ-ಲಿನಕ್ಸ್ ನೋಡುವುದು ಬಳಕೆದಾರನ ಹೆಸರನ್ನಷ್ಟೇ ಅಲ್ಲ, ಆ ಕೆಲಸ ಯಾವ ಸೇವೆಯಾಗಿ ಆರಂಭವಾಯಿತೆಂಬುದನ್ನೂ ನೋಡುತ್ತದೆ. ಕೈಯಲ್ಲಿ ಓಡಿಸಿದಾಗ ಸರಿ, ಸೇವೆಯಾಗಿ ಓಡಿದಾಗ 13 ಎಂಬ ಈ ಭಿನ್ನತೆಯೇ ಅದರ ಖಚಿತ ಗುರುತು. ವೆಬ್ ಸರ್ವರ್‌ಗೆ ಜಾಲ ಸಂಪರ್ಕದ ಅನುಮತಿ ಕೊಡುವ ಒಂದು ಸ್ವಿಚ್ಚು ಅದರಲ್ಲಿದೆ. ಅದನ್ನು ಶಾಶ್ವತವಾಗಿ ಹಾಕಿದರೆ ಮುಗಿಯಿತು. ಇಡೀ ಎಸ್‌ಇ-ಲಿನಕ್ಸ್ ಅನ್ನೇ ಆರಿಸುವುದು ಅಭ್ಯಾಸವಾಗಿಬಿಟ್ಟಿದೆ. ಅದು ನಿವಾರಣೆಯಲ್ಲವೆಂದೇ ನನ್ನ ಅಭಿಪ್ರಾಯ.

ಸೋಲರ್‌ನ ಒಳಗಿನ ನಿಯಮಗಳು

ಹರಿಹರದ ಫೋನ್ ಬಂದ ಹಿಂದಿನ ಶನಿವಾರ ಸಂಜೆ ನಾನು ಸೋಲರ್‌ಗೆ ಪಾಸ್‌ವರ್ಡ್ ಹಾಕಿದ್ದೆ. ಇದಕ್ಕಾಗಿ ಸೆಕ್ಯುರಿಟಿ.ಜೇಸನ್ ಎಂಬ ಒಂದೇ ಕಡತವಿದೆ. ಅದರಲ್ಲಿ ಗುರುತು ಪರಿಶೀಲನೆಗೆ ಒಂದು ಭಾಗ, ಅಧಿಕಾರ ಪರಿಶೀಲನೆಗೆ ಇನ್ನೊಂದು ಭಾಗ. ಮೊದಲ ಭಾಗದಲ್ಲಿರುವ ‘ಬ್ಲಾಕ್ ಅನ್‌ನೋನ್’ ಎಂಬ ಮೌಲ್ಯ ಹೌದು ಎಂದಿದ್ದರೆ ಗುರುತು ತೋರಿಸದ ಯಾರನ್ನೂ ಸೋಲರ್ ಒಳಗೆ ಬಿಡುವುದಿಲ್ಲ, 401 ಕೊಡುತ್ತದೆ. ತಾಣದ ಪ್ರೋಗ್ರಾಮಿಗೆ ಹೊಸ ಪಾಸ್‌ವರ್ಡ್ ಕೊಟ್ಟೆ, ಹುಡುಕಿ ನೋಡಿದೆ, ಫಲಿತಾಂಶ ಬಂತು, ಮನೆಗೆ ಹೋದೆ. ನಾನು ಮರೆತದ್ದು ಸಲಹೆಗಳ ಪಟ್ಟಿಯನ್ನು. ಓದುಗರು ಅಕ್ಷರ ಒತ್ತುತ್ತಿದ್ದಂತೆ ಪೆಟ್ಟಿಗೆಯ ಕೆಳಗೆ ಮೂಡುವ ಆ ಪಟ್ಟಿ ಬೇಗ ಬರಲೆಂದು, ಹಿಂದೊಮ್ಮೆ ಅದನ್ನು ಪ್ರೋಗ್ರಾಮಿನ ಮೂಲಕ ತರದೆ, ಎನ್‌ಜಿನ್‌ಎಕ್ಸ್‌ನಲ್ಲಿ ಒಂದು ದಾರಿ ಮಾಡಿ ಬ್ರೌಸರ್‌ನಿಂದ ನೇರವಾಗಿ ಸೋಲರ್‌ಗೆ ಬಿಟ್ಟಿದ್ದೆವು. ಆ ದಾರಿಯಲ್ಲಿ ಹೋದ ಕೇಳಿಕೆಗೆ ಪಾಸ್‌ವರ್ಡ್ ಇರಲಿಲ್ಲ. ಸೋಲರ್ 401 ಕೊಡುವಾಗ ‘ಬೇಸಿಕ್ ವಿಧಾನದಲ್ಲಿ ಗುರುತು ತೋರಿಸಿ’ ಎಂಬ ತಲೆಬರಹವನ್ನೂ ಸೇರಿಸುತ್ತದೆ. ಅದನ್ನು ಕಂಡ ಬ್ರೌಸರ್ ಕಿಟಕಿ ತೆರೆಯುತ್ತದೆ. ಆ ಕಿಟಕಿಯನ್ನು ತೆರೆಯುವುದು ಬ್ರೌಸರ್, ತೆರೆಸುವುದು ಸೋಲರ್, ನಡುವೆ ಜಾಲತಾಣದ ಪಾತ್ರವೇ ಇಲ್ಲ. ಸಾರ್ವಜನಿಕ ತಾಣದಲ್ಲಿ ಇಂಥ ಕಿಟಕಿ ಕಂಡರೆ ಎಲ್ಲೋ ಓದುಗರ ಬ್ರೌಸರ್ ಸೋಲರ್ ಅನ್ನು ನೇರವಾಗಿ ಮುಟ್ಟುತ್ತಿದೆ ಎಂದೇ ತಿಳಿಯಬೇಕು.

ಇದನ್ನು ಶಾಂತವಾಗಿ ಯೋಚಿಸಿ ಸರಿಪಡಿಸಬಹುದಿತ್ತು. ಆದರೆ ಫೋನಿನ ಮೇಲೆ ಫೋನು ಬರುತ್ತಿದ್ದ ಆ ಬೆಳಿಗ್ಗೆ ನಾನು ಮಾಡಿದ್ದು ಬೇರೆ: ‘ಬ್ಲಾಕ್ ಅನ್‌ನೋನ್’ ಅನ್ನು ಇಲ್ಲ ಎಂದು ಬದಲಿಸಿದೆ, ಓದುವ ಅನುಮತಿಯಾದ ‘ರೀಡ್’ ನಿಯಮದ ಪಾತ್ರವನ್ನು (ಅದು ಯಾರಿಗೆ ಸಲ್ಲುತ್ತದೆ ಎಂಬುದನ್ನು) ‘ನಲ್’ ಎಂದು ಬರೆದೆ, ಅಂದರೆ ಗುರುತಿಲ್ಲದವರಿಗೂ ಓದಲು ಅವಕಾಶ ಕೊಟ್ಟೆ. ಬರೆಯುವ ‘ಅಪ್‌ಡೇಟ್’ ನಿಯಮ ಇಂಡೆಕ್ಸ್ ಮಾಡುವ, ಅಂದರೆ ಬರಹಗಳನ್ನು ಹುಡುಕಾಟದ ಸೂಚಿಗೆ ಸೇರಿಸುವ, ಬಳಕೆದಾರನಿಗೆ ಮಾತ್ರ ಮೀಸಲಾಗಿತ್ತು, ಆದ್ದರಿಂದ ಅಪಾಯವಿಲ್ಲವೆಂದುಕೊಂಡೆ. ಕಿಟಕಿ ಮಾಯವಾಯಿತು.

ಮೂರು ದಿನಗಳ ಬಳಿಕ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು, ಹೊತ್ತು ಹೋಗದೆ ಮೊಬೈಲಿನಲ್ಲಿ ನಮ್ಮದೇ ತಾಣದ ವಿಳಾಸದ ಮುಂದೆ ‘/ಸೋಲರ್/’ ಎಂಬ ದಾರಿಯನ್ನು ಬರೆದು ನೋಡಿದೆ. ಸೋಲರ್‌ನ ನಿರ್ವಹಣಾ ಪುಟ ಪಾಸ್‌ವರ್ಡ್ ಕೇಳದೆ ತೆರೆಯಿತು. ಎನ್‌ಜಿನ್‌ಎಕ್ಸ್‌ನಲ್ಲಿ ಸಲಹೆಗಳಿಗೆಂದು ಮಾಡಿದ ದಾರಿ ಆ ಒಂದು ವಿಳಾಸಕ್ಕೆ ಸೀಮಿತವಾಗಿರಲಿಲ್ಲ. ಆ ಪೂರ್ವಪದದಿಂದ ಆರಂಭವಾಗುವ ಎಲ್ಲವನ್ನೂ ಅದು ಒಳಗೆ ಬಿಡುತ್ತಿತ್ತು. ಇನ್ನು ಸೋಲರ್‌ನ ಅಧಿಕಾರ ಪರಿಶೀಲನೆಯ ಒಂದು ಗುಣವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ: ನಿಯಮಗಳನ್ನು ಅದು ಬರೆದ ಕ್ರಮದಲ್ಲಿ ಓದಿ, ಮೊದಲು ಹೊಂದಿದ ನಿಯಮವನ್ನು ಅನ್ವಯಿಸುತ್ತದೆ, ಯಾವ ನಿಯಮವೂ ಹೊಂದದಿದ್ದರೆ ತಡೆಯುವುದಿಲ್ಲ, ಬಿಟ್ಟುಬಿಡುತ್ತದೆ. ನಾನು ಓದುವುದಕ್ಕೂ ಬರೆಯುವುದಕ್ಕೂ ನಿಯಮ ಬರೆದಿದ್ದೆ, ಕೋರ್‌ನ, ಅಂದರೆ ಇಡೀ ಇಂಡೆಕ್ಸಿನ, ನಿರ್ವಹಣೆಗೆ ಬರೆದಿರಲಿಲ್ಲ. ಹೀಗಾಗಿ ಇಂಡೆಕ್ಸಿಗೆ ಒಂದು ಸಾಲು ಸೇರಿಸಲು ಪಾಸ್‌ವರ್ಡ್ ಬೇಕಿತ್ತು, ಇಂಡೆಕ್ಸನ್ನೇ ಕಿತ್ತುಹಾಕಲು ಬೇಕಿರಲಿಲ್ಲ. 2020ರ ಜುಲೈ ತಿಂಗಳಲ್ಲಿ ಕಾವಲಿಲ್ಲದ ಸಾವಿರಾರು ಇಲಾಸ್ಟಿಕ್‌ಸರ್ಚ್ ಮತ್ತು ಮಾಂಗೋಡಿಬಿ ಸಂಗ್ರಹಗಳನ್ನು ಅಳಿಸಿ, ‘ಮ್ಯಾವ್’ ಎಂಬ ಪದವನ್ನು ಬಿಟ್ಟುಹೋದ ದಾಳಿಯ ನೆನಪು ಆ ಬಸ್ಸಿನಲ್ಲಿ ನನಗೆ ಚೆನ್ನಾಗಿಯೇ ಆಯಿತು.

ಈಗ ನಮ್ಮಲ್ಲಿರುವ ವ್ಯವಸ್ಥೆ ಹೀಗಿದೆ. ‘ಬ್ಲಾಕ್ ಅನ್‌ನೋನ್’ ಹೌದು ಎಂದಿದೆ. ಜಾಲತಾಣಕ್ಕೆ ಒಬ್ಬ ಬಳಕೆದಾರ, ಅವನಿಗೆ ‘ರೀಡ್’ ಮಾತ್ರ, ಇಂಡೆಕ್ಸ್ ಮಾಡುವ ಪ್ರೋಗ್ರಾಮಿಗೆ ಇನ್ನೊಬ್ಬ, ಅವನಿಗೆ ‘ರೀಡ್’ ಮತ್ತು ‘ಅಪ್‌ಡೇಟ್’, ನಿರ್ವಾಹಕ ಬೇರೆ. ನಿಯಮಗಳ ಕಟ್ಟಕಡೆಯಲ್ಲಿ ‘ಆಲ್’ ಎಂಬ ನಿಯಮವನ್ನು ನಿರ್ವಾಹಕನಿಗೆ ಬರೆದಿದೆ, ಇದರಿಂದ ಮೇಲೆ ಹೆಸರಿಸದ ಯಾವ ಕೆಲಸವೂ ತಾನಾಗಿ ತೆರೆದುಕೊಳ್ಳುವುದಿಲ್ಲ. ಇದೇ ‘ಆಲ್’ ಮೇಲೆ ಬಂದುಬಿಟ್ಟರೆ ಮೊದಲು ಹೊಂದುವುದು ಅದೇ ಆಗಿ, ನಿರ್ವಾಹಕನಲ್ಲದ ಎಲ್ಲರಿಗೂ ಎಲ್ಲಕ್ಕೂ 403 ಬರುತ್ತದೆ. ಪಾಸ್‌ವರ್ಡ್ ಸರಿಯಿದೆ, ಪಾತ್ರ ಸರಿಯಿದೆ, ಆದರೂ 403 ಎಂದಾಗ ನಾನು ಮೊದಲು ನೋಡುವುದು ಈ ಕ್ರಮವನ್ನು. ನಿಯಮದಲ್ಲಿ ಪಾತ್ರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ‘ಗುರುತು ತೋರಿಸಿದ ಯಾರಾದರೂ’ ಎಂದರ್ಥ, ‘ನಲ್’ ಇದ್ದರೆ ‘ಗುರುತೇ ಬೇಡ’ ಎಂದರ್ಥ. ಇವೆರಡನ್ನು ಅದಲುಬದಲು ಮಾಡುವುದು ತುಂಬ ಸುಲಭ. ಎನ್‌ಜಿನ್‌ಎಕ್ಸ್‌ನ ಆ ದಾರಿಯನ್ನು ಪೂರ್ತಿಯಾಗಿ ಮುಚ್ಚಿ, ಸಲಹೆಗಳ ಪಟ್ಟಿಯನ್ನೂ ತಾಣದ ಪ್ರೋಗ್ರಾಮಿನ ಮೂಲಕವೇ ತರಿಸಿದ್ದೇನೆ. ಓದುಗರಿಗೆ ಗೊತ್ತಾಗುವಷ್ಟು ವ್ಯತ್ಯಾಸ ವೇಗದಲ್ಲಿ ಆಗಲಿಲ್ಲ.

401 ಬಿಡದೆ ಕಾಡಿದಾಗ ನೋಡಬೇಕಾದ ಸಣ್ಣ ಸಂಗತಿಗಳು ಕೆಲವಿವೆ. ಪಾಸ್‌ವರ್ಡ್ ಅನ್ನು ವಿಳಾಸದೊಳಗೆ ಸೇರಿಸಿ ಕಳುಹಿಸುತ್ತಿದ್ದರೆ, ಅದರಲ್ಲಿ @ ಅಥವಾ % ಇದ್ದಾಗ ಸಂಕೇತಿಸದೆ ಬರೆದರೆ ವಿಳಾಸ ಮುರಿಯುತ್ತದೆ. ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಅನ್ನು ಎಕೋ ಆದೇಶದಿಂದ ಬೇಸ್64 ಎಂಬ ಸಂಕೇತ ರೂಪಕ್ಕೆ ತಿರುಗಿಸಿದರೆ ಕೊನೆಯಲ್ಲಿ ಕಣ್ಣಿಗೆ ಕಾಣದ ಹೊಸಸಾಲಿನ ಅಕ್ಷರವೊಂದು ಸೇರಿಕೊಳ್ಳುತ್ತದೆ, ಪಾಸ್‌ವರ್ಡ್ ತಪ್ಪಾಗುತ್ತದೆ. ನಾನು ಇದಕ್ಕೆ ಒಂದು ಮಧ್ಯಾಹ್ನ ಕಳೆದುಕೊಂಡಿದ್ದೇನೆ. ಸೋಲರ್ ಒಂಟಿ ಯಂತ್ರವಾಗಿ ಓಡುತ್ತಿದ್ದರೆ ಭದ್ರತೆಯ ಕಡತವನ್ನು ಕೈಯಾರೆ ತಿದ್ದಿದ ಮೇಲೆ ಅದನ್ನು ಮತ್ತೆ ಆರಂಭಿಸಬೇಕು. ಹಲವು ಯಂತ್ರಗಳು ಸೇರಿ ಓಡುವ ಕ್ಲೌಡ್ ವಿಧಾನದಲ್ಲಿದ್ದರೆ ನಿಜವಾದ ಕಡತ ಅವುಗಳ ಹೊಂದಾಣಿಕೆ ನೋಡಿಕೊಳ್ಳುವ ಜೂಕೀಪರ್‌ನಲ್ಲಿರುತ್ತದೆ, ಡಿಸ್ಕಿನಲ್ಲಿರುವ ಪ್ರತಿಯನ್ನು ಎಷ್ಟು ತಿದ್ದಿದರೂ ಏನೂ ಆಗುವುದಿಲ್ಲ. ಪಾಸ್‌ವರ್ಡ್ ಆ ಕಡತದಲ್ಲಿ ಉಪ್ಪು ಬೆರೆಸಿದ ಹ್ಯಾಶ್ ಆಗಿ, ಅಂದರೆ ಹಿಂದಕ್ಕೆ ತಿರುಗಿಸಲಾಗದ ಅಕ್ಷರಗಳ ಸಾಲಾಗಿ, ಇರುವುದರಿಂದ ಮರೆತರೆ ಓದಿ ತಿಳಿಯಲು ಬರುವುದಿಲ್ಲ. ಕೈಪಿಡಿಯ ಮಾದರಿಯಲ್ಲಿ ಕೊಟ್ಟಿರುವ ಹ್ಯಾಶ್ ಸಾಲನ್ನು ಹಾಗೆಯೇ ನಕಲಿಸಿದವರ ಪಾಸ್‌ವರ್ಡ್ ಮಾತ್ರ ಕೈಪಿಡಿ ಓದಿದವರಿಗೆಲ್ಲ ಗೊತ್ತಿರುತ್ತದೆ.

ಸರಿಪಡಿಸಿದ ಮೇಲೂ ಹಳೆಯ ಖಾಲಿ ಪುಟವೇ ಬರುತ್ತಿದ್ದರೆ, ತಾಣದ ಪ್ರೋಗ್ರಾಮ್ ಹುಡುಕಾಟದ ಉತ್ತರಗಳನ್ನು ಕ್ಯಾಶ್ ಮಾಡುತ್ತಿದೆಯೇ ಎಂದು ನೋಡಬೇಕು. ವಿಫಲವಾದ ಉತ್ತರವನ್ನೂ ಅದು ಎತ್ತಿಟ್ಟುಕೊಂಡಿದ್ದರೆ, ಸರಿಯಾದ ತಿದ್ದುಪಡಿ ಫಲಿಸಲಿಲ್ಲವೆಂದು ತಿಳಿದು ನಾವು ಇನ್ನೊಂದು ಬಾಗಿಲನ್ನು ತೆರೆಯುತ್ತೇವೆ, ಆ ಮೇಲೆ ಯಾವುದರಿಂದ ಸರಿಯಾಯಿತೆಂದು ಯಾರಿಗೂ ಹೇಳಲು ಬರುವುದಿಲ್ಲ.

ದೋಷದ ಸಂದೇಶವೇ ಇಲ್ಲದ ದೋಷ

ಮೂರನೆಯ ದೋಷದಲ್ಲಿ 401 ಇರಲಿಲ್ಲ, 403 ಇರಲಿಲ್ಲ, ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇರಲಿಲ್ಲ. ಎಲ್ಲ ಉತ್ತರಗಳೂ 200, ಅಂದರೆ ‘ಎಲ್ಲ ಸರಿ’, ಎಂದೇ ಬರುತ್ತಿದ್ದವು. ನಾಲೆಗೆ ನೀರು ನಿಲ್ಲಿಸುವ ದಿನದ ಪ್ರಕಟಣೆಯೊಂದನ್ನು ಸಂಪಾದಕರು ಕರಡಾಗಿ ಬರೆದಿಟ್ಟಿದ್ದರು, ದಿನಾಂಕ ಇನ್ನೂ ಖಚಿತವಾಗಿರಲಿಲ್ಲ. ಅದು ಹುಡುಕಾಟದಲ್ಲಿ ಒಬ್ಬರಿಗೆ ಕಂಡಿತು, ಅವರು ಅದರ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಂಚಿದರು. ನಾವು ಹುಡುಕಿ ನೋಡಿದರೆ ಆ ಕರಡು ಕಾಣಲಿಲ್ಲ. ಅವರಿಗೆ ಕಾಣುತ್ತಿತ್ತು.

ವ್ಯತ್ಯಾಸವಿದ್ದದ್ದು ಹುಡುಕುವ ರೀತಿಯಲ್ಲಿ. ಅವರು ‘ನೀರಾವರಿ’ ಎಂಬ ವರ್ಗವನ್ನು ಆರಿಸಿಕೊಂಡು ಹುಡುಕಿದ್ದರು. ನಾವು ವರ್ಗ ಆರಿಸದೆ ಹುಡುಕಿದ್ದೆವು. ಪ್ರಕಟವಾದ ಬರಹಗಳನ್ನು ಮಾತ್ರ ತೋರಿಸಬೇಕೆಂಬ ಸೋಸುವಿಕೆಯನ್ನು ಸೋಲರ್‌ನ ಹುಡುಕಾಟದ ಹ್ಯಾಂಡ್ಲರ್‌ನಲ್ಲಿ (ಕೇಳಿಕೆಗೆ ಉತ್ತರಿಸುವ ಭಾಗದಲ್ಲಿ) ಎಫ್‌ಕ್ಯೂ (ಫಿಲ್ಟರ್ ಕ್ವೆರಿ) ಎಂಬ ಮೌಲ್ಯವಾಗಿ ಬರೆದಿದ್ದೆ, ಆದರೆ ಅದನ್ನು ‘ಡಿಫಾಲ್ಟ್ಸ್’ ಎಂಬ ಗುಂಪಿನಲ್ಲಿ ಇಟ್ಟಿದ್ದೆ. ಡಿಫಾಲ್ಟ್ ಎಂದರೆ ಕೇಳುವವರು ಏನೂ ಹೇಳದಿದ್ದಾಗ ಬಳಸುವ ಮೌಲ್ಯ. ಅವರು ತಮ್ಮದೊಂದು ಎಫ್‌ಕ್ಯೂ ತಂದರೆ ಅದು ಬಿದ್ದುಹೋಗುತ್ತದೆ. ವರ್ಗದ ಆಯ್ಕೆಯನ್ನು ತಾಣಕ್ಕೆ ಹೊಸದಾಗಿ ಸೇರಿಸಿದಾಗ ಅದೂ ಎಫ್‌ಕ್ಯೂ ಆಗಿಯೇ ಹೋಗತೊಡಗಿತು, ಆ ಕ್ಷಣದಿಂದ ವರ್ಗ ಆರಿಸಿದ ಪ್ರತಿ ಹುಡುಕಾಟದಲ್ಲೂ ಕರಡುಗಳು ತೆರೆದುಕೊಂಡವು.

ಸೋಲರ್‌ನಲ್ಲಿ ಇದಕ್ಕೆ ಮೂರು ಗುಂಪುಗಳಿವೆ. ‘ಡಿಫಾಲ್ಟ್ಸ್’ ಅನ್ನು ಕೇಳುವವರು ಬದಲಿಸಬಹುದು. ‘ಅಪೆಂಡ್ಸ್’ನಲ್ಲಿ ಬರೆದದ್ದು ಕೇಳುವವರ ಮೌಲ್ಯದ ಜೊತೆಗೆ ಯಾವಾಗಲೂ ಸೇರುತ್ತದೆ, ಅದನ್ನು ತೆಗೆಯಲು ಅವರಿಗೆ ಬರುವುದಿಲ್ಲ. ‘ಇನ್‌ವೇರಿಯಂಟ್ಸ್’ನಲ್ಲಿ ಬರೆದದ್ದು ಕೇಳುವವರ ಮೌಲ್ಯವನ್ನು ತಳ್ಳಿ ತಾನೇ ನಿಲ್ಲುತ್ತದೆ. ಪ್ರಕಟಣೆಯ ಸೋಸುವಿಕೆ ಇರಬೇಕಾದದ್ದು ಅಪೆಂಡ್ಸ್‌ನಲ್ಲಿ. ಭದ್ರವಾಗಿರಲೆಂದು ಇನ್‌ವೇರಿಯಂಟ್ಸ್‌ಗೆ ಹಾಕಿದರೆ ಕರಡುಗಳು ಮುಚ್ಚಿಕೊಳ್ಳುತ್ತವೆ, ಜೊತೆಗೆ ವರ್ಗದ ಆಯ್ಕೆಯೂ ಕೆಲಸ ನಿಲ್ಲಿಸುತ್ತದೆ. ಅಡಿಕೆ ಆರಿಸಿದರೂ ಭತ್ತ ಬರುತ್ತದೆ. ಯಾವ ಮೌಲ್ಯಗಳು ನಿಜಕ್ಕೂ ಜಾರಿಗೆ ಬಂದವೆಂದು ತಿಳಿಯಲು ಕೇಳಿಕೆಯ ಜೊತೆ ‘ಎಕೋ ಪ್ಯಾರಾಮ್ಸ್’ ಅನ್ನು ‘ಆಲ್’ ಎಂದು ಕಳುಹಿಸಿದರೆ ಉತ್ತರದ ತಲೆಭಾಗದಲ್ಲಿ ಸೋಲರ್ ಪೂರ್ಣ ಪಟ್ಟಿ ಕೊಡುತ್ತದೆ. ವರ್ಗವಿಲ್ಲದೆ ಒಮ್ಮೆ, ವರ್ಗದೊಂದಿಗೆ ಒಮ್ಮೆ ಕೇಳಿ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ದೋಷ ಕಾಣಲು ಒಂದು ನಿಮಿಷವೂ ಬೇಕಾಗಲಿಲ್ಲ.

ಇದರ ತಿರುಗುಮುರುಗು ರೂಪವೂ ಉಂಟು. ಹೊಸ ಬರಹಗಳು ಕಾಣುತ್ತವೆ, ಹಳೆಯವು ಒಂದೂ ಕಾಣುವುದಿಲ್ಲ. ಹಳೆಯ ದಾಖಲೆಗಳನ್ನು ಇಂಡೆಕ್ಸ್ ಮಾಡಿದಾಗ ಬರಹ ಪ್ರಕಟವೋ ಕರಡೋ ಎಂದು ಹೇಳುವ ಕ್ಷೇತ್ರವೇ (ದಾಖಲೆಯ ಆ ಅಂಕಣವೇ) ಇರಲಿಲ್ಲವಾದ್ದರಿಂದ ಸೋಸುವಿಕೆ ಅವೆಲ್ಲವನ್ನೂ ಹೊರಗಿಡುತ್ತದೆ. ಆಗ ಮತ್ತೆ ಇಂಡೆಕ್ಸ್ ಮಾಡುವುದೊಂದೇ ದಾರಿ. ಆ ಕ್ಷೇತ್ರದಲ್ಲಿ ‘ಪ್ರಕಟಿತ’ ಎಂಬ ಪದವನ್ನು ಬರೆಯುತ್ತಿದ್ದವನು ನಾನು, ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡ ಕೆಲವು ದಾಖಲೆಗಳು ತಪ್ಪಿಹೋದದ್ದನ್ನು ಕಂಡ ಮೇಲೆ ಹೌದು ಅಥವಾ ಇಲ್ಲ ಎಂಬ ಎರಡೇ ಮೌಲ್ಯಗಳ ಕ್ಷೇತ್ರಕ್ಕೆ ಬದಲಿಸಿದ್ದೇನೆ.

ಲೇಖನ ಕಳುಹಿಸಿದವರ ಮೊಬೈಲ್ ಸಂಖ್ಯೆಯಂಥ ಒಳಕ್ಷೇತ್ರಗಳನ್ನು ಉತ್ತರದಲ್ಲಿ ತೋರಿಸದಿದ್ದರೆ ಸಾಕೆಂದು ತಿಳಿಯುವುದು ತಪ್ಪು. ಕ್ಷೇತ್ರ ಇಂಡೆಕ್ಸ್ ಆಗಿದ್ದು ಅದರ ಮೇಲೆ ಹುಡುಕಲು ಅವಕಾಶವಿದ್ದರೆ, ಮೊದಲ ಅಂಕಿಯಿಂದ ಆರಂಭಿಸಿ ಒಂದೊಂದೇ ಅಂಕಿಯನ್ನು ಊಹಿಸುತ್ತಾ ಹೋಗಿ ಪೂರ್ತಿ ಸಂಖ್ಯೆಯನ್ನು ಕಂಡುಹಿಡಿಯಬಹುದು. ಸಾರ್ವಜನಿಕ ಹುಡುಕಾಟಕ್ಕೆ ಬೇಡದ ಕ್ಷೇತ್ರವನ್ನು ಆ ಇಂಡೆಕ್ಸಿಗೆ ಕಳುಹಿಸಲೇಬಾರದು.

ಡಿಸ್ಕಿನ ಮೇಲಿನ ಅನುಮತಿ

ಸೋಲರ್ ಸಾಮಾನ್ಯವಾಗಿ ತನ್ನದೇ ಹೆಸರಿನ ಬಳಕೆದಾರನಾಗಿ ಓಡುತ್ತದೆ. ಬ್ಯಾಕಪ್‌ನಿಂದ ಇಂಡೆಕ್ಸನ್ನು ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನಾಗಿ ನಕಲಿಸಿದರೆ ಕಡತಗಳ ಒಡೆತನ ರೂಟ್‌ಗೆ ಹೋಗುತ್ತದೆ, ಆ ಕೋರ್ ಏಳುವುದಿಲ್ಲ, ಹುಡುಕಾಟಕ್ಕೆ ಸರ್ವರ್‌ನ ಒಳದೋಷ ಹೇಳುವ 500 ಬರುತ್ತದೆ, ಲಾಗ್‌ನಲ್ಲಿ ಪ್ರವೇಶ ನಿರಾಕರಣೆಯ ಸಾಲು ಇರುತ್ತದೆ. ಒಡೆತನವನ್ನು ಸೋಲರ್ ಬಳಕೆದಾರನಿಗೆ ಮರಳಿಸಿದರೆ ಸಾಕು. ಎಲ್ಲರಿಗೂ ಎಲ್ಲವನ್ನೂ ಕೊಡುವ 777ರ ಅಗತ್ಯ ಇಲ್ಲಿ ನನಗೆ ಒಮ್ಮೆಯೂ ಬಿದ್ದಿಲ್ಲ. ಕಡತ ಸರಿಯಿದ್ದೂ ತೆರೆಯದಿದ್ದರೆ ಅದರ ಮೇಲಿನ ಯಾವುದೋ ಫೋಲ್ಡರ್‌ಗೆ ದಾಟಿ ಹೋಗುವ ಅನುಮತಿ ಇಲ್ಲದಿರಬಹುದು.

ಹೊರಗೆ ನಿಂತು ನೋಡುವುದು

ಒಳಗಿನಿಂದ ಎಲ್ಲವೂ ಸರಿಯಾಯಿತೆಂದಾಗ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ, ಏಕೆಂದರೆ ಬರಬೇಕಾದ ಉತ್ತರ ಬರುತ್ತಿದೆಯೆಂದು ತಿಳಿದೆವು, ಬರಬಾರದ್ದು ಬರುತ್ತಿಲ್ಲವೆಂದು ತಿಳಿಯಲಿಲ್ಲ. ಕಚೇರಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ 8983ಕ್ಕೆ ಸಂಪರ್ಕಿಸಲು ಯತ್ನಿಸಬೇಕು; ಉತ್ತರ ಬರಬಾರದು. ಪ್ರೋಗ್ರಾಮನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ಡಾಕರ್‌ನೊಳಗೆ ಸೋಲರ್ ಓಡಿಸುವವರು ಇದನ್ನು ತಪ್ಪದೆ ಮಾಡಬೇಕು, ಏಕೆಂದರೆ ಡಾಕರ್ ಪ್ರಕಟಿಸಿದ ಪೋರ್ಟ್ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನ ನಿಯಮಗಳನ್ನು ಬದಿಗಿಟ್ಟು ಹೊರಗೆ ತೆರೆದುಕೊಳ್ಳುತ್ತದೆ. ಫೈರ್‌ವಾಲ್ ‘ಮುಚ್ಚಿದೆ’ ಎಂದು ವರದಿ ಕೊಡುತ್ತಿರುವಾಗಲೇ ಬಾಗಿಲು ತೆರೆದಿರುತ್ತದೆ. ಪೋರ್ಟನ್ನು ಪ್ರಕಟಿಸುವಾಗ ಖಾಸಗಿ ವಿಳಾಸವನ್ನು ಜೊತೆಗೆ ಬರೆದರೆ ಈ ತೊಡಕಿಲ್ಲ.

ಈಗ ಪ್ರತಿ ರಾತ್ರಿ ಒಂದು ಸಣ್ಣ ಸ್ಕ್ರಿಪ್ಟ್ ನಮ್ಮಲ್ಲಿ ಓಡುತ್ತದೆ. ಅದು ಜಾಲತಾಣದ ಪಾಸ್‌ವರ್ಡ್ ಹಿಡಿದು ಹುಡುಕುತ್ತದೆ, 200 ಬರಬೇಕು. ಅದೇ ಪಾಸ್‌ವರ್ಡ್‌ನಿಂದ ಒಂದು ಖಾಲಿ ಬದಲಾವಣೆಯನ್ನು ಬರೆಯಲು ಯತ್ನಿಸುತ್ತದೆ, 403 ಬರಬೇಕು. ಪಾಸ್‌ವರ್ಡ್ ಇಲ್ಲದೆ ಕೋರ್‌ಗಳ ಪಟ್ಟಿ ಕೇಳುತ್ತದೆ, 401 ಬರಬೇಕು. ಪರೀಕ್ಷೆಗೆಂದೇ ಶಾಶ್ವತವಾಗಿ ಕರಡಿನಲ್ಲಿ ಇಟ್ಟಿರುವ ಒಂದು ಬರಹವನ್ನು ವರ್ಗದೊಂದಿಗೆ ಮತ್ತು ವರ್ಗವಿಲ್ಲದೆ ಹುಡುಕುತ್ತದೆ, ಎರಡೂ ಸಲ ಸೊನ್ನೆ ಬರಬೇಕು. ಯಾವುದೊಂದು ತಪ್ಪಿದರೂ ನನ್ನ ಫೋನಿಗೆ ಸಂದೇಶ ಬರುತ್ತದೆ. ಇದುವರೆಗೆ ಅದು ಬಂದದ್ದು ಒಂದೇ ಸಲ, ಹೊಸ ಹ್ಯಾಂಡ್ಲರ್ ಬರೆಯುವಾಗ ಎಫ್‌ಕ್ಯೂವನ್ನು ಮತ್ತೆ ಡಿಫಾಲ್ಟ್ಸ್‌ನಲ್ಲಿಯೇ ಇಟ್ಟ ರಾತ್ರಿ.